ಮಡಿಕೆಯ ಕೆಳಗೆ

ಕನ್ನಡಿ ಕೊಟ್ಟಳು ಸಿಸ್ಟರ್ ಸುಂಕಮ್ಮ,
ಅಂಗೈಯಗಲದ್ದು, ಹಿಂದಿನ ರಟ್ಟು ಕಿತ್ತದ್ದು.
"ಹಿಡಿ. ನಿನ್ನ ಹೊಲಿಗೆ ನೀನೇ ನೋಡು."

ಎಂಟು ವರ್ಷ ಕೌಲ್ ಬಜಾರಿನ ಶೆಡ್ಡಿನಲ್ಲಿ
ಜೀನ್ಸ್ ಪ್ಯಾಂಟಿನ ಕಾಲು ಕೂಡಿಸಿದವಳು ನಾನು,
ದಿನಕ್ಕೆ ನೂರಿಪ್ಪತ್ತು ಕಾಲು.
ಬಟ್ಟೆ ದಪ್ಪವಾದರೆ ಸೂಜಿ ಬದಲಿಸಬೇಕು,
ಬಟ್ಟೆಯನ್ನು ಬೈಯಬಾರದು.
ಇಷ್ಟು ನಮ್ಮ ಹೆಲ್ಪರ್ ಹುಡುಗನಿಗೂ ಗೊತ್ತು.

ಆದರೂ ತೂಕದ ಯಂತ್ರ ಹತ್ತುವಾಗ
ಚಪ್ಪಲಿಯ ಜೊತೆ ಕಿವಿಯೋಲೆಯನ್ನೂ ಬಿಚ್ಚಿದ್ದೆ.
ನೂರಾ ನಾಲ್ಕು.
ಯಾರೂ ನಗಲಿಲ್ಲ.
"ಕೊಯ್ಯೋ ಮುಂಚಿನ ಇಂಜೆಕ್ಷನ್ ಇವಳಿಗೆ ಜಾಸ್ತಿ ಬೇಕು"
ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದರು,
ಪ್ಯಾಂಟಿನ ಮೇಲೆ ಸೊಂಟದ ನಂಬರು ಬರೆಯುವ ಹಾಗೆ.

ಕನ್ನಡಿಯೊಳಗೆ ಮೊದಲು ಸಿಕ್ಕಿದ್ದು ಫ್ಯಾನು,
ಆಮೇಲೆ ಸುಂಕಮ್ಮನ ಗ್ಲೌಸಿನ ಬೆರಳು.
ಹೊಟ್ಟೆಯನ್ನು ಎತ್ತಿ ಹಿಡಿದಿದ್ದಳು
ನೆನೆದ ಕಂಬಳಿ ಎತ್ತುವ ಹಾಗೆ, ಮುಖ ಸಿಂಡರಿಸದೆ.
ಕೆಳಗೆ, ವರ್ಷಗಳಿಂದ ನಾನೇ ಕಾಣದ ಜಾಗದಲ್ಲಿ,
ಒಂದು ಗೆರೆ. ಗೇಣಿಗೆ ತುಸು ಕಡಿಮೆ.
ಸೊಟ್ಟಗಿರಲಿಲ್ಲ.
"ಒಳಗೆ ಕೊಬ್ಬಿಗೇ ಬೇರೆ ಒಂದು ಪದರ ಹೊಲಿದಾರೆ,
ನೀರು ನಿಲ್ಲಬಾರದು ಅಂತ."
ಡಬಲ್ ಹೊಲಿಗೆ, ಅಂದೆ. ಇಬ್ಬರೂ ನಕ್ಕೆವು.
ನಕ್ಕಿದ್ದಕ್ಕೆ ಹೊಟ್ಟೆ ಹಿಡಿಯಿತು.

ಬಾಗಿಲಲ್ಲಿ ನಮ್ಮತ್ತೆ ಎರ್ರೆಮ್ಮ,
ಬಿಗಿದು ಕಟ್ಟಲು ಹಳೇ ಸೀರೆ ಕೈಯಲ್ಲಿ,
ಸೆರಗಿನ ತುದಿಗೆ ಬೂದಿಯ ಗಂಟು.
ಪುರುಡು ಕಳೆಯೋವರೆಗೆ ಮುಟ್ಟಲ್ಲ ಅನ್ನುವವಳು.
ಸುಂಕಮ್ಮ ಸೋಪನ್ನು ಅವಳ ಕೈಗಿಟ್ಟಳು:
"ನಿನ್ನ ಮಡಿ ನಿನಗಿರಲಿ ಯವ್ವಾ, ಇದು ಗಾಯದ ಮಡಿ.
ಕೈ ತೊಳಿ. ಈ ಮಡಿಕೆ ಒಣಗಿರಬೇಕು.
ಬೂದಿ ಬೇಡ, ಅರಿಶಿನಾನೂ ಬೇಡ,
ಒಗೆದು ಒಣಗಿಸಿದ ಹತ್ತಿ ಬಟ್ಟೆ ಇಡು ಸಾಕು.
ಬಳ್ಳಾರಿ ಬಿಸಿಲು ಮತ್ತೆ ಯಾತಕ್ಕೈತೆ?"

ಮನೆಗೆ ಬಂದ ಆರನೇ ದಿನ
ಎಡದ ತುದಿ ಕೆಂಪಾಯಿತು, ಮುಟ್ಟಿದರೆ ಬಿಸಿ.
ಹೇಳಲಿಲ್ಲ ನಾನು. ನಾಚಿಕೆ.
ಕೆಟ್ಟ ಪೀಸನ್ನು ಮೂಟೆಯ ತಳಕ್ಕೆ ತುರುಕುವ ಹಾಗೆ
ಸೀರೆ ಎಳೆದುಕೊಂಡೆ.

ಎರ್ರೆಮ್ಮ ಕೂಸಿಗೆ ಎಣ್ಣೆ ಹಚ್ಚುವುದನ್ನು ಅರ್ಧಕ್ಕೆ ಬಿಟ್ಟು
ಎದ್ದಳು. ಕೈ ತೊಳೆದಳು, ಮತ್ತೊಮ್ಮೆ ತೊಳೆದಳು,
ಹೊಟ್ಟೆ ಎತ್ತಿ ಮೂಗು ಹತ್ತಿರ ತಂದು ಮೂಸಿದಳು
ಹಾಲು ಕೆಟ್ಟಿದೆಯೋ ಎಂದು ನೋಡುವ ಹಾಗೆ.
"ನಡಿ," ಅಂದಳು, "ಆಟೋ ಕರಿತೀನಿ."

ಆಟೋದಲ್ಲಿ ಅವಳ ಚೀಲದಿಂದ ಇಣುಕುತ್ತಿತ್ತು
ಆ ಕನ್ನಡಿ, ರಟ್ಟು ಕಿತ್ತದ್ದು.
ಆಸ್ಪತ್ರೆಯದ್ದು. ಯಾವಾಗ ಎತ್ತಿಟ್ಟುಕೊಂಡಳೋ.