ಬೆಣ್ಣೆ ಬೇಡ

ಪುಂತಾ ಅರೇನಾಸಿನಲ್ಲಿ ಜೂನ್ ಅಂದರೆ
ಹತ್ತಕ್ಕೆ ಬೆಳಗು, ಐದೂವರೆಗೆ ಕತ್ತಲು.
ನಡುವೆ ಊರಿನ ಒಡೆದ ಕೊಳವೆಗಳೆಲ್ಲ ನಮ್ಮವೇ.

ಇವತ್ತು ದೊರೊತೆಯಾ ಬಾರ್ರಿಯಾ ಅವರ ಅಡುಗೆಮನೆ.
ಸಿಂಕಿನ ಕೆಳಗೆ ಎರ್ಮಿಂದಾ ಅಂಗಾತ.
ಹೊರಗಿರುವುದು ಎರಡು ಬೂಟು, ಒಂದು ದನಿ:
‘ಎಲ್ಬೋ ಕೊಡು. ಅರ್ಧ ಇಂಚಿನದು.’

ನಾನು ಕೊಳವೆಯ ತುದಿ ಉಜ್ಜುತ್ತಿದ್ದೆ.
ಕಿಲುಬೆಲ್ಲ ಮರಳುಕಾಗದಕ್ಕೆ ಹತ್ತಿ ತಾಮ್ರ
ಆಗಷ್ಟೇ ಮಿಂದ ಕೂಸಿನ ಕಿವಿಯ ಬಣ್ಣಕ್ಕೆ ಬಂದಾಗ
‘ಸಾಕು. ಬೆರಳು ತಾಗಿಸೀಯೆ,
ಕೈಯ ಜಿಡ್ಡಿಗೂ ಬೆಸುಗೆಗೂ ಎಣ್ಣೆ ಸೀಗೆಕಾಯಿ.’

ಫ್ಲಕ್ಸ್ ಸವರಿ, ಎಲ್ಬೋ ಏರಿಸಿ, ಒಮ್ಮೆ ತಿರುಗಿಸಿ
ಗ್ಯಾಸಿನ ನೀಲಿ ನಾಲಿಗೆ ಹಿಡಿದರೆ

ಟಪ್.

ವಾಲ್ವು ಮುದಿಯಾಗಿದೆ, ಬಾಯಿ ಬಿಗಿಹಿಡಿಯಲಾರದು.
ಎಂಟೆಣಿಸಿದರೆ ಒಂದು ಹನಿ.
ಅಷ್ಟು ಸಾಕು ಕೊಳವೆ ಬಿಸಿಯೇರದಿರಲು.
ತವರ ಹಿಡಿಯದೆ, ಉಂಡೆಯಾಗಿ, ನೆಲಕ್ಕೆ.
ಮೂರು ಸಲ.
ಎರ್ಮಿಂದಾ ಬೈಯಲಿಲ್ಲ.
‘ಸೆನ್ಯೊರಾ, ಬ್ರೆಡ್ಡಿದೆಯೆ ಮನೆಯಲ್ಲಿ?’

ದೊರೊತೆಯಾ ಮುಖ ಅರಳಿತು. ಪಾಪ, ಹಸಿದಿದ್ದಾರೆ!
ಹಿಡಿದಿಟ್ಟ ನೀರಿನ ಕೆಟಲು ಒಲೆಗೇರಿತು.
ಮರಾಕೆತಾ ಸೀಳಿ, ಬೆಣ್ಣೆ ದಪ್ಪಗೆ ಬಳಿದು
ತಟ್ಟೆಯನ್ನು ಸಿಂಕಿನ ಕೆಳಗೇ ತೂರಿಸಿದರು.

ಬೂಟುಗಳು ಸ್ವಲ್ಪ ಹೊತ್ತು ಅಲುಗಲಿಲ್ಲ.

‘ಬೆಣ್ಣೆ ಬೇಡ. ಸಿಪ್ಪೆಯೂ ಬೇಡ.
ಒಳಗಿನ ಹತ್ತಿಯಂಥದು, ಒಂದು ಚಿಟಿಕೆ. ಕೊಳವೆಗೆ.’
‘ಕೊಳವೆಗೆ?’

ಇನ್ನೊಂದು ಬಂತು. ಕೊಳವೆಗೆ ತುತ್ತಿಟ್ಟು
ಪೆನ್ಸಿಲಿನಿಂದ ಒಳಕ್ಕೆ ದೂಡಿದೆ.
ಎಂಟೆಣಿಸಿದೆ. ಹದಿನಾರು. ಇಪ್ಪತ್ತನಾಲ್ಕು.

‘ಈಗ ಬೆಂಕಿ. ತವರಕ್ಕಲ್ಲ ಪೆದ್ದೆ, ತಾಮ್ರಕ್ಕೆ.
ಉರಿ ಈಚೆ ಮಗ್ಗುಲಿಗೆ, ತಂತಿ ಆಚೆ ಮಗ್ಗುಲಿಗೆ.
ಮುಟ್ಟಿಸಿ ಸುಮ್ಮನಿರು.’
ಸುಮ್ಮನಿದ್ದೆ. ಉರಿಯ ಅಂಚು ಹಸಿರಾಯಿತು,
ಫ್ಲಕ್ಸಿನ ಹೊಗೆಗೆ ಕಣ್ಣು ಮಂಜು,
ತಟ್ಟನೆ ತವರ
ತವರಿಗೆ ಹೊರಟವಳ ಹಾಗೆ
ತಿರುಗಿ ನೋಡದೆ ಸಂದಿನೊಳಕ್ಕೆ ಓಡಿತು.
ಸುತ್ತ ಉಳಿದದ್ದು ಒಂದು ಬೆಳ್ಳಿಗೆರೆ.

ತಣಿದ ಮೇಲೆ ನಲ್ಲಿ ತಿರುಗಿಸಿದೆವು.
ಕೆಮ್ಮಿತು. ಬಿಳಿ ಅಂಟು ಉಗುಳಿತು. ಆಮೇಲೆ ನೀರು.
‘ಐವತ್ತು ವರ್ಷ ಇದಕ್ಕೆ ಹಾಕಿದ್ದು ಬರೀ ಬೈಗುಳ,’
ದೊರೊತೆಯಾ ಕೈ ಒಡ್ಡಿ ನಗುತ್ತಿದ್ದರು,
‘ಇವತ್ತೇ ಊಟ.’

ಎರ್ಮಿಂದಾ ಕೀಲಿನ ಸುತ್ತ ಹೆಬ್ಬೆರಳು ಆಡಿಸಿ
ನನಗೆ ತೋರಿಸಿದಳು: ಒಣಗಿತ್ತು.
ಆಮೇಲೆ ಎದ್ದು, ಬೆನ್ನು ನೀವಿಕೊಂಡು,
ತಿರುಳು ತೆಗೆದ ಮರಾಕೆತಾ ಕೈಗೆತ್ತಿಕೊಂಡಳು.
ಒಂದು ತುದಿಯಿಂದ ಇನ್ನೊಂದಕ್ಕೆ ಟೊಳ್ಳು.
ರುಬಾರ್ಬ್ ಜಾಮು ತುಂಬಿ ಕಚ್ಚಿದಳು.

ಸೋರಿತು.