ಫೆಬ್ರವರಿಯ ಡಬ್ಬಿಗಳು

ಹಿಮ ಮೊಣಕಾಲಿಗೆ ಬಂತೆಂದರೆ
ಕಾಮಿನೊಸೆಗೆ ತೆರಿಗೆಯೂ ಬಂತು.
ವರ್ತಕರ ಸಂಘದ ಮರದ ಮೆಟ್ಟಿಲನ್ನು
ಬೂಟು ಕೊಡವುತ್ತ ಒಬ್ಬೊಬ್ಬರೇ ಏರುತ್ತಾರೆ,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯ ತುಂಬ ಕಳೆದ ವರ್ಷ.

"ನಾಗುಮೊ ಅವರೇ, ಈ ಸಲ ಸ್ವಲ್ಪ ಗೋಜಲಾಗಿದೆ."
ಮೂವತ್ತೊಂದು ಫೆಬ್ರವರಿಗಳಿಂದ ಅವರದು ಇದೇ ಮಾತು.
ನನ್ನದೂ ಅದೇ:
"ಇರಲಿ ಬಿಡಿ, ಮೊದಲು ಚಹಾ ಕುಡಿಯಿರಿ."

ಹೆಸರು ಓದಬೇಕಿಲ್ಲ, ಮುಚ್ಚಳ ತೆಗೆದರೆ ಸಾಕು.
ತೋಫು ಮಾಡುವ ಓಯಿಕಾವಾನ ರಸೀತಿಗಳು ಒದ್ದೆಮುದ್ದೆ.
ಸ್ಟೌವಿನ ಮೇಲೆ ದಾರ ಕಟ್ಟಿ ಒಣಹಾಕುತ್ತೇನೆ
ಹಸುಗೂಸಿನ ಬಟ್ಟೆಯ ಹಾಗೆ.
ಮೀನಂಗಡಿಯ ಹತಾಕೆಯಾಮಾ ಬಂದಳೋ
ಕಿಟಕಿ ತೆರೆಯಲೇಬೇಕು, ಹಿಮ ಒಳಗೆ ಬಿದ್ದರೂ ಸರಿ.
ಕ್ಷೌರದ ಕೊನ್ನೊನ ಬಿಲ್ಲುಗಳ ಸಂದಿಯಲ್ಲಿ
ಊರಿನವರ ಕೂದಲು,
ಕರಿಯದು ವರ್ಷದಿಂದ ವರ್ಷಕ್ಕೆ ಕಡಿಮೆ.
ಇದಕ್ಕಿಂತ ಬೇರೆ ಜನಗಣತಿ ಬೇಕೆ?

ಜಿಲ್ಲಾ ಕಚೇರಿಯಿಂದ ಬಂದ ಹೊಸ ಹುಡುಗ ಕೇಳಿದ,
ಸಂಘ ಸದಸ್ಯರಿಗೆ ಏನು ಮಾಡುತ್ತದೆ?
ಕರಪತ್ರ ಕೊಟ್ಟೆ. ಸಾಲಕ್ಕೆ ಶಿಫಾರಸು,
ಬೇಸಿಗೆಯ ಕೂಪನ್ನು, ಬೀದಿದೀಪ,
ಹಿಮ ಬಾಚುವ ಯಂತ್ರಕ್ಕೆ ಡೀಸೆಲ್ಲು.
ಟಿಪ್ಪಣಿ ಮಾಡಿಕೊಂಡು ಹೋದ, ಒಳ್ಳೆಯ ಹುಡುಗ.

ಗಡಿಯಾರದ ಉತ್ಸುಮಿ ಡಬ್ಬಿ ತರುವುದಿಲ್ಲ.
ಎರಡು ಲಕೋಟೆ. ಒಂದರಲ್ಲಿ ಬಂದದ್ದು, ಒಂದರಲ್ಲಿ ಹೋದದ್ದು.
ಬಂದದ್ದು ತೀರ ತೆಳು:
ವರ್ಷವಿಡೀ ಹನ್ನೊಂದು ಮಾರಾಟ.
ಗ್ಯಾರಂಟಿ ಚೀಟಿಯ ಪ್ರತಿಯಲ್ಲಿ, ಹಲ್ಲಿನ ಚಕ್ರ ಜೋಡಿಸುವ ಕೈಯಲ್ಲಿ,
ಕೊಂಡವರ ಹೆಸರು.

ಓಯಿಕಾವಾ, ಒಂದು.
ಹತಾಕೆಯಾಮಾ, ಒಂದು, "ಮೊಮ್ಮಗನಿಗೆ" ಅಂತ.
ಅವಳಿಗೆ ಮಕ್ಕಳೇ ಇಲ್ಲ.
ಕೊನ್ನೊ, ಮೂರು. ಈಗ ನೆನಪಾಯಿತು,
ಅವನ ಅಂಗಡಿಯ ಗೋಡೆಯಲ್ಲಿ ಮೂರು ನಡೆಯುತ್ತವೆ,
ಕನ್ನಡಿಯಲ್ಲಿ ಇನ್ನು ಮೂರು, ಹಿಂದಕ್ಕೆ.
ರೈಲು ತಪ್ಪಿದ ಪರಸ್ಥಳದವನೊಬ್ಬ.
ಸಾಕೆ ಭಟ್ಟಿಯ ಸುಗವಾರಾ, ನಮ್ಮ ಅಧ್ಯಕ್ಷ,
ಸದಸ್ಯಶುಲ್ಕ ಇನ್ನೂರು ಯೆನ್ ಏರಿತೆಂದು
ಮುಕ್ಕಾಲು ಗಂಟೆ ಕೂಗಾಡಿದ ಜಿಪುಣಾಗ್ರೇಸರ,
ನಾಲ್ಕು.
ಹನ್ನೊಂದನೆಯ ಹೆಸರನ್ನು ಬೇಗ ದಾಟಿದೆ.
ಅದು ನನ್ನದು.

ಆಮೇಲೆ ನಡಾವಳಿ ಪುಸ್ತಕ ತಿರುವಿ ನೋಡಿದೆ.
ಉತ್ಸುಮಿಯ ಮಾತೇ ಇಲ್ಲ. ಠರಾವಿಲ್ಲ, ಕೈ ಎತ್ತಿದವರಿಲ್ಲ.
ಒಬ್ಬರು ಕೊಂಡದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.
ಗೊತ್ತಿರುವುದು ನನಗೊಬ್ಬಳಿಗೆ,
ನನ್ನ ಬಾಯಿಗೆ ಕಾನೂನಿನ ಬೀಗ.

"ಈ ವರ್ಷ ಪರವಾಗಿಲ್ಲ," ಅಂದ ಉತ್ಸುಮಿ,
"ಜನಕ್ಕೆ ಮತ್ತೆ ಗಡಿಯಾರ ಬೇಕಾಗಿದೆ."
ಹೌದು ಅಂದೆ, ಕ್ಯಾಲ್ಕುಲೇಟರಿಗೆ.

ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತಂತೆ.
ಕೇಳದೆಯೇ ಕುರ್ಚಿ ಎಳೆದು ಹತ್ತಿದ.
ನಾನು ಎರಡನೆಯ ಲಕೋಟೆ ಬಿಚ್ಚಿದೆ.

ಒಂಟಿ ಮನುಷ್ಯ.
ದಿನಕ್ಕೆ ಮೂರು ಗಡ್ಡೆ ತೋಫು, ಓಯಿಕಾವಾನಲ್ಲಿ.
ಭಾನುವಾರ ಬಿಟ್ಟು ಎಲ್ಲ ದಿನ ಬಂಗಡೆ.
ಕುಡಿಯುವುದನ್ನು ಬಿಟ್ಟು ಆರು ವರ್ಷ,
ತಿಂಗಳಿಗೆರಡು ಬಾಟಲಿ ಸಾಕೆ.
"ಇವೆಲ್ಲ ಮನೆಖರ್ಚು, ಉತ್ಸುಮಿ ಅವರೇ,
ವಿನಾಯಿತಿ ಸಿಗುವುದಿಲ್ಲ."
"ಗೊತ್ತು," ಅಂದ ಮೇಲಿನಿಂದ,
"ಎಲ್ಲಾದರೂ ಇಡಬೇಕಲ್ಲ ಅಂತ ಇಟ್ಟೆ."

ಎಲ್ಲಕ್ಕಿಂತ ಅಡಿಯಲ್ಲಿ ಕೊನ್ನೊನ ಬಿಲ್ಲುಗಳು,
ವಾರಕ್ಕೊಂದರಂತೆ, ಐವತ್ತೆರಡು ಕ್ಷೌರ.
ತಲೆ ಎತ್ತಿದೆ.
ಮುಳ್ಳು ತಿರುಗಿಸುತ್ತಿದ್ದ ಉತ್ಸುಮಿ,
ಬಲ್ಬಿನ ಪಕ್ಕದಲ್ಲೇ ಅವನ ತಲೆ,
ಒಂದೇ ಒಂದು ಕೂದಲಿಲ್ಲ,
ಥಳಥಳ ಹೊಳೆಯುತ್ತಿತ್ತು.