ಒಂದು ಗೆಣ್ಣು ಆಳ

ಶಹಾಬಾದದಾಗ ಮಣ್ಣು ಅಂದ್ರ ಮೊಳದ ಮಾತು.
ಅದರ ಕೆಳಗ ಫರಸಿ,
ಫರಸಿ ಕೆಳಗ ಮತ್ತ ಫರಸಿ,
ಯಾರೋ ಮಡಚಿಟ್ಟು ಮರೆತ ದುಪ್ಪಟಿಗಳ ಹಾಂಗ.
ಹಿತ್ತಲದಾಗ ಹಾರಿ ಹಾಕಿದ್ರ ಠಣ್ ಅಂತದ.
ಆ ಸಪ್ಪಳಕ್ಕ ಒಳಗಿಂದ ಅವ್ವ:
"ಸಾಕು, ಮುಗೀತು ನಮ್ಮ ಹೊಲ."

ಅಷ್ಟರಾಗೇ ನಮ್ಮ ಹೀರಿ, ಚವಳಿ, ಪುಂಡಿ, ರಾಜಗಿರಿ.
ಅಳತಿ ಅಪ್ಪನ ತೋರುಬಟ್ಟು.
ಹೀರಿಗೆ ಒಂದು ಗೆಣ್ಣು. ಚವಳಿಗೂ ಒಂದು, ಜರಾ ಕಮ್ಮಿ.
ಮೆಂತ್ಯಾಕ್ಕ ಉಗುರು ಮುಳುಗಿದ್ರ ಬರೋಬರ್.
ರಾಜಗಿರಿಗೆ ಬಟ್ಟೇ ಬ್ಯಾಡ,
ಉಸುಕು ಕಲಸಿ ಉದುರಿಸಿ, ಅಂಗೈಲೆ
ಕೂಸಿನ ಬೆನ್ನು ತಟ್ಟಿದಾಂಗ ತಟ್ಟಿಬಿಡು.

"ಎಲ್ಲಾಕೂ ಒಂದೇ ಆಳ ಯಾಕಿಲ್ಲಪ್ಪ?"
"ಒಳಗ ಬುತ್ತಿ ಎಷ್ಟದಾ ನೋಡಿ ಕಳಸಬೇಕವ್ವ.
ಹೀರಿ ಬೀಜ ಎರಡು ಜ್ವಾಳದ ರೊಟ್ಟಿ ಕಟಗೊಂಡು ಬಂದಾದ,
ಕತ್ತಲದಾಗ ಹರದಾರಿ ನಡೀತದ.
ರಾಜಗಿರಿ ಬಡವಿ. ಒಂದು ತುತ್ತು, ಮುಗೀತು.
ಬಾಗಲದಾಗೇ ನಿಲ್ಲಿಸಿರಬೇಕು ಅಕಿನ್ನ."

ಕಟಿಂಗ್ ಮಿಷನಿಗೆ ಅಪ್ಪನ ಮ್ಯಾಲಿನ ಗೆಣ್ಣು ಹೋದಾಗ
ನಾ ಆರನೇ ಇಯತ್ತೆ.
ಆಫೀಸಿನ ಕ್ಲಾರ್ಕ್ ಸ್ಕೇಲ್ ಹಚ್ಚಿ ಅಳದ,
ಇಷ್ಟು ಉದ್ದಕ್ಕ ಇಷ್ಟು ರೂಪಾಯಿ ಅಂತ ಬರದ.
"ಹುಸೇನಪ್ಪ ತಂದಿ ಲಾಲಪ್ಪ, ಹೆಬ್ಬೆಟ್ಟು ಒತ್ತು" ಅಂದ.
ಅಪ್ಪ ನಡುಬಟ್ಟಿಗೂ ಹೆಬ್ಬಟ್ಟಿಗೂ ನಡುವ ಪೆನ್ನು ಹಿಡದು
ನಿಧಾನ ಸಹಿ ಮಾಡಿದ.

ಮಿರಗದ ಎರಡನೇ ಮಳಿ ಆದ ಮರುದಿನ
ಪಟ್ಟಿ ಬಿಚ್ಚಿದ ಕೈಲೆ ಹೀರಿ ಹಾಕಲಾಕ ಕುಂತ.
ಹಳೇ ರೂಢಿ. ಅದೇ ಬಟ್ಟು.
ತುಟಿ ಅಲ್ಲಾಡತಿದ್ವು: ಒಂದು ಗೆಣ್ಣು, ಒಂದು ಗೆಣ್ಣು.
ಹೋದ ತುದಿಗೆ ಮಣ್ಣು ತಂಪು ಹತ್ತತದಂತ,
ಒಳಗಿನ ಹಸಿ ತಿಳೀತದಂತ.
ನಾ ಹಿಂದ ನಿಂತು ನೋಡಿದೆ:
ಮೊಂಡು ಬಟ್ಟು ಮಣ್ಣಿನ ಮೈ ಮುಟ್ಟಿತ್ತು, ಅಷ್ಟೇ.
ಹೇಳಲಿಲ್ಲ.

ಸಂಜಿಗೆ ಇರಿವಿ, ರಾತ್ರಿ ಇಲಿ.
ಉಳದವು ಬಿಸಲಿಗೆ ಬಾಯಿ ಅರ್ಧ ತಗದು
ಅಲ್ಲೇ ಒಣಗಿದ್ವು.

ಎರಡನೇ ಸಲ ಸಿಟ್ಟಿಲೆ ಹಾಕಿದ,
ಬುಡದ ತನಕ ಬಟ್ಟು ತುರುಕಿ, ಹಿಮ್ಮಡಿಲೆ ಮೆಟ್ಟಿ.
ಎಂಟು ದಿನ. ಹನ್ನೊಂದು.
ಕರಿಮಣ್ಣು ಕಾಯ್ದು ಹಪ್ಪಳ ಆತು.
ಹದಿಮೂರನೇ ದಿನ ಕಡ್ಡಿಲೆ ಕೆದರಿದೆ.
ಹುಟ್ಟಿತ್ತು! ಬೆಳ್ಳಗ, ದಾರದಷ್ಟು ಸಣ್ಣ,
ಹಪ್ಪಳದ ಕೆಳಗ ಕುತ್ತಿಗಿ ಬಗ್ಗಿಸಿ
ಬುತ್ತಿ ಖಾಲಿ ಮಾಡಿ ಕುಂತಿತ್ತು.
ಬೆಳಕು ಇನ್ನ ಒಂದು ಉಗುರಿನಷ್ಟು ದೂರ.

ಅಂಗೈಯಾಗ ಒಯ್ದು ತೋರಿಸಿದೆ.
ಬೈತಾನ ಅಂದಕೊಂಡಿದ್ದೆ. ಭಾಳ ಹೊತ್ತು ನೋಡಿದ.
"ಇದು ಸತ್ತದ್ದಲ್ಲ, ದಣದದ್ದು" ಅಂದ.
ಅವ್ವ ಒಲಿ ಮುಂದಿಂದ: "ಎರಡೂ ಒಂದೇ."

ಡಬ್ಬ್ಯಾಗ ಉಳದದ್ದು ಒಂಬತ್ತು ಬೀಜ.
ಅಪ್ಪ ನಡುಬಟ್ಟು ಚಾಚಿದ, ಉದ್ದಾತು ಅಂದ.
ಕಿರಿಬಟ್ಟು ಚಾಚಿ ತಾನೇ ನಕ್ಕ.
"ನಂದು ತಗೋ" ಅಂತ ನನ್ನ ಬಟ್ಟು ಮುಂದ ಹಿಡದೆ.
"ನಿಂದು ಬೆಳೀಲಾಕತ್ತದ ಹುಡುಗಿ,
ಅಳತಿಗೆ ಬರಂಗಿಲ್ಲ."
ಆಮ್ಯಾಲೆ ಫರಸಿಗೆ ಗುರುತು ಹಾಕೋ ಕೆಂಪು ಜಾಜಿಲೆ
ಆ ಮೊಂಡು ಬಟ್ಟಿಗೇ ಒಂದು ಗೆರಿ ಎಳಕೊಂಡ,
ಕಲ್ಲು ಕೊಯ್ಯೋಕಿಂತ ಮೊದಲು ಎಳೆಯೋ ಗೆರಿ.
ಗೆರಿ ತನಕ ಮಣ್ಣು, ಗೆರಿ ತನಕ ಮಣ್ಣು,
ಒಂಬತ್ತು ಸಲ.

ಏಳನೇ ದಿನಕ್ಕ ಆರು ಬಂದ್ವು.
ಮುಂದ ವಾರ ಕಳೆದ ಮ್ಯಾಲೆ, ನೀರು ಕಾಯಿಸೋ ಗುಂಡದ ಹತ್ರ,
ನಾವು ಹಾಕದ ಜಾಗದಾಗ
ಫರಸಿ ಸಂದ್ಯಾಗಿಂದ ಇನ್ನೊಂದು.
ಎರಡನೇ ಸಲದ್ದು. ಅಡ್ಡಡ್ಡ ನಡದು ಬಂದದ್ದು,
ಎಲಿ ಹಳದಿ.
ಮೊದಲು ನೋಡಿದವಳು ಅವ್ವ.
ಯಾರಿಗೂ ಹೇಳದಾಂಗ
ಅಕ್ಕಿ ತೊಳದ ನೀರು ಅದರ ಬುಡಕ್ಕ ಚೆಲ್ಲಿ
ಒಳಗ ಹೋದಳು.